ನಾಲ್ಕನೆಯ ಹೆಗಲು

ಶವಪೆಟ್ಟಿಗೆಗೆ ಕೈಹಾಕಲು ಬಂದ ಇಬ್ಬರು ಅಪರಿಚಿತರ ಎದುರಿಗೆ ಸಬೀನಾ ಮುಲ್ಕೆರಿನ್ ಒಲೆಯ ಇಕ್ಕುಳವನ್ನು ಅಡ್ಡ ಹಿಡಿದು ನಿಂತಳು. ಬೆಂಕಿ ಕೆದಕುತ್ತಿದ್ದವಳು ಹಾಗೆಯೇ ಎದ್ದು ಬಂದಿದ್ದರಿಂದ ಇಕ್ಕುಳದ ತುದಿಯಲ್ಲಿ ಒಂದು ಕಿಡಿ ಇನ್ನೂ ಉಸಿರಾಡುತ್ತಿತ್ತು.

"ಮುಟ್ಟಬೇಡಿ," ಅಂದಳು. "ಯಾರು ನೀವು?"

"ಶವದ ಗಾಡಿಯವರು ಅಮ್ಮಾ. ಡಬ್ಲಿನ್ನಿಂದ ಕಳಿಸಿದಾರೆ. ನಮಗೇನು ಗೊತ್ತು..."

"ಹಂಗಾದ್ರೆ ಗಾಡಿ ಹತ್ರ ಹೋಗಿ ನಿಂತ್ಕೊಳಿ. ಚಹಾ ಬೇಕಂದ್ರೆ ಒಳಗಿದೆ, ರೊಟ್ಟಿನೂ ಇದೆ. ತಿಂದು ಹೋಗಿ. ಪೆಟ್ಟಿಗೆಗೆ ಮಾತ್ರ ಕೈ ಹಾಕಬೇಡಿ."

ಗಾಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಹಾದ ಕಡೆಗೆ ಹೋದರು.

ಪೆಟ್ಟಿಗೆ ನಾಲ್ಕು ಕುರ್ಚಿಗಳ ಮೇಲಿತ್ತು. ಅದರೊಳಗೆ ಸಬೀನಾಳ ಅಕ್ಕ ಡೀಲಿಯಾ, ಕಂದು ಬಣ್ಣದ ನಿಲುವಂಗಿ ತೊಟ್ಟು, ಬೆರಳುಗಳಿಗೆ ಜಪಮಾಲೆ ಸುತ್ತಿಸಿಕೊಂಡು ಮಲಗಿದ್ದಳು. ಲೋಕ ಅವಳನ್ನು ಡೆಲ್ಲಾ ಡೇನ್ ಎಂದು ಬಲ್ಲದು. ಗಡಿಯಾರವನ್ನು ಅವಳ ಉಸಿರು ನಿಂತ ಗಳಿಗೆಯಲ್ಲೇ ನಿಲ್ಲಿಸಿದ್ದರು. ಕನ್ನಡಿಗೆ ಬಟ್ಟೆ ಹೊದಿಸಿದ್ದರು. ಎರಡು ರಾತ್ರಿ ಊರಿಗೆ ಊರೇ ಬಂದು ಕೂತು, ಪ್ರಾರ್ಥಿಸಿ, ತಂಬಾಕು ಸೇದಿ, ಅವಳ ಬಗ್ಗೆ ನಿಜವನ್ನೂ ಸುಳ್ಳನ್ನೂ ಸಮಸಮವಾಗಿ ಹೇಳಿ ನಕ್ಕು ಹೋಗಿತ್ತು. ಇನ್ನು ಉಳಿದದ್ದು ಒಂದೇ ಕೆಲಸ. ಟ್ರಾಬಾನಿನ ಮರಳನ್ನು ದಾಟಿ ಇನಿಷ್‌ಕೋರ್ ದ್ವೀಪದಲ್ಲಿ ಅವ್ವನ ಪಕ್ಕ ಮಲಗಿಸುವುದು.

ಕಡಲು ಹಿಂದೆ ಸರಿದಾಗ ಮಾತ್ರ ಆ ದ್ವೀಪಕ್ಕೆ ನಡೆದು ಹೋಗಬಹುದು. ಮರಳಿನ ನಡುವೆ ಒಂದು ಬಂಡೆಯಿದೆ, ಊರವರು ಅದನ್ನು ಕರಿಕುರಿ ಅನ್ನುತ್ತಾರೆ. ಕುರಿಯ ಕಾಲು ಕಾಣುವವರೆಗೆ ದಾರಿ ಉಂಟು. ನೀರು ಕುತ್ತಿಗೆಗೆ ಬಂತೆಂದರೆ ದಾರಿ ಮುಚ್ಚಿತು.

ಬಾಗಿಲಲ್ಲಿ ಉದ್ದನೆಯ ಕಪ್ಪು ಕೋಟಿನ ಮಿಸ್ಟರ್ ಟ್ರೆಂಚ್ ಕಾಣಿಸಿಕೊಂಡರು. ರಾಜಧಾನಿಯ ಚಲನಚಿತ್ರ ಸಂಘದವರು. ಒಳ್ಳೆಯ ಮನುಷ್ಯ, ಆದರೆ ಬಂದಾಗಿನಿಂದ ಕೈಗಡಿಯಾರವನ್ನೇ ನೋಡುತ್ತಿದ್ದರು.

"ಮಿಸ್ ಮುಲ್ಕೆರಿನ್, ದಯವಿಟ್ಟು ಅರ್ಥ ಮಾಡ್ಕೊಳ್ಳಿ. ದೇಶ ಅವರಿಗೆ ಗೌರವ ಕೊಡಬೇಕು ಅಂತಿದೆ. ನಗರದಲ್ಲಿ ಜಾಗ ಗೊತ್ತು ಮಾಡಿದ್ದೀವಿ. ಬ್ಯಾಂಡು ಇದೆ, ಮಂತ್ರಿಗಳು ಬರ್ತಾರೆ."

"ಮಂತ್ರಿಗೆ ನಮ್ಮಕ್ಕ ಗೊತ್ತಾ?"

"ಸಿನಿಮಾದಲ್ಲಿ ನೋಡಿರ್ತಾರಲ್ಲ."

"ಸಿನಿಮಾದಲ್ಲಿ ನೋಡಿದೋರು ಗೌರವಾನೂ ಸಿನಿಮಾದಲ್ಲೇ ಕೊಡಲಿ."

ಪಕ್ಕದ ಮನೆಯ ವಿನ್ನಿ ಬಾಯಿಗೆ ಸೆರಗಿನಂತೆ ಶಾಲು ಒತ್ತಿಕೊಂಡು ನಕ್ಕಳು. ಟ್ರೆಂಚ್ ನಗಲಿಲ್ಲ. ಸಹಾಯಕ್ಕಾಗಿ ಪಾದ್ರಿಯ ಕಡೆಗೆ ತಿರುಗಿದರು. ಫಾದರ್ ಹೆನಿಗನ್‌ಗೆ ಇನ್ನೂ ಎಳೆ ವಯಸ್ಸು. ಈ ಊರಿಗೆ ಬಂದು ಒಂದು ಚಳಿಗಾಲವೂ ಕಳೆದಿರಲಿಲ್ಲ.

"ಸಬೀನಾ," ಎಂದರು ಅವರು ಮೆಲ್ಲಗೆ, "ಡೀಲಿಯಾ ಏನು ಹೇಳಿದ್ರು ನಿಮಗೆ?"

"ಗಾಡೀಲಿ ಕಳಿಸಬೇಡ ಅಂದ್ಳು ಫಾದರ್. ಜೀವಮಾನ ಪೂರ್ತಿ ಗಾಡೀಲೇ ತಿರುಗಿದೀನಿ ಅಂದ್ಳು. ಅವ್ವನ ಹತ್ರ ಹೆಗಲ ಮೇಲೆ ಕಳಿಸು, ನಮ್ಮ ಹೆಸರಿನೋರ ಹೆಗಲು ಅಂದ್ಳು. ನಾನು ಹೂಂ ಅಂದೆ."

"ಅಷ್ಟೇನಾ?"

"ಅಷ್ಟೇ. ಹೂಂ ಅಂದ ಮೇಲೆ ಇನ್ನೇನಿರುತ್ತೆ?"

ಆ ಊರಿನ ಕಟ್ಟಳೆ ಹಾಗೆ. ಹೊಸಿಲಿನಿಂದ ಪೆಟ್ಟಿಗೆಯನ್ನು ಮೊದಲು ಎತ್ತುವ ನಾಲ್ಕು ಹೆಗಲೂ ಸತ್ತವರ ಮನೆತನದ ಹೆಸರಿನವೇ ಆಗಿರಬೇಕು. ಸ್ಮಶಾನದ ಬಾಗಿಲು ದಾಟಿಸುವವರೂ ಅವರೇ. ನಡುವಿನ ದಾರಿಯಲ್ಲಿ ಯಾರು ಬೇಕಾದರೂ ಹೆಗಲು ಬದಲಿಸಬಹುದು. ಮೊದಲು ಎತ್ತುವಾಗ ಬೇರೆ ಹೆಸರಿನವನ ಹೆಗಲು ತಾಗಿದರೆ, ಸತ್ತವರು ವರ್ಷ ತುಂಬುವುದರೊಳಗೆ ಆ ಮನೆಯಿಂದ ಇನ್ನೊಬ್ಬರನ್ನು ಕರೆಯುತ್ತಾರೆಂದು ಊರು ನಂಬಿತ್ತು. ನಂಬದವರೂ ಅದನ್ನು ಪರೀಕ್ಷಿಸಲು ಹೋಗುತ್ತಿರಲಿಲ್ಲ.

ಮುಲ್ಕೆರಿನ್ ಮನೆತನ ಒಂದು ಕಾಲಕ್ಕೆ ಆ ಕರಾವಳಿಯ ಅರ್ಧವಿತ್ತು. ಕಡಲು ಕೆಲವರನ್ನು ತೆಗೆದುಕೊಂಡಿತು, ಹೊರದೇಶದ ಹಡಗು ಉಳಿದ ಹೆಚ್ಚಿನವರನ್ನು. ಈಗ ಊರಲ್ಲಿದ್ದ ಗಂಡಸರು ಫೆಸ್ಟಿ, ಅವನ ತಮ್ಮ ಬಾರ್ಟ್ಲಿ, ದಾಯಾದಿ ಕೋಲ್ಮನ್. ನಾಲ್ಕನೆಯವನು ಮಾರ್ಕಸ್, ಬಾರ್ಟ್ಲಿಯ ಮಗ, ಇಂಗ್ಲೆಂಡಿನಲ್ಲಿ ಕಟ್ಟಡದ ಕೆಲಸದವನು. ಅವನು ಬರುತ್ತಿದ್ದಾನೆಂದು ಸುದ್ದಿ ಬಂದಿತ್ತು. ಎಲ್ಲರೂ ರಸ್ತೆಯ ಕಡೆಗೇ ಕಣ್ಣಿಟ್ಟಿದ್ದರು.

"ಅವನು ಬರೋವರೆಗೆ ಕಾಯೋಣ," ಎಂದರು ಫಾದರ್. "ಆಮೇಲೆ ನೋಡೋಣ."

ಸಬೀನಾ ಕಿಟಕಿಯಿಂದ ಹೊರಗೆ ನೋಡಿದಳು. ಕುರಿಯ ಕಾಲು ಒಣಗಿತ್ತು.

*

ಅವರಿಬ್ಬರೂ ಆ ಮರಳನ್ನು ಮೊದಲು ದಾಟಿದ್ದು ಕಡಲಪಾಚಿ ಹೊರಲು.

ಅಪ್ಪ ಮುಳುಗಿದ ವರ್ಷ. ದೋಣಿ ಹೋಯಿತು, ಒಂದು ಹುಟ್ಟು ಮಾತ್ರ ದಡಕ್ಕೆ ಬಂತು. ಅವ್ವ ಶಿಬೇಲ್ ಆ ಹುಟ್ಟನ್ನು ಬೆಂಕಿಗೆ ಹಾಕಲಿಲ್ಲ. ಅದರ ನಡುವೆ ಬುಟ್ಟಿ ನೇತುಹಾಕಿ ಇಬ್ಬರು ಹೆಣ್ಣುಮಕ್ಕಳ ಹೆಗಲಿಗೆ ಕೊಟ್ಟಳು. ದ್ವೀಪದ ಆಚೆ ಮಗ್ಗುಲಿಂದ ಒದ್ದೆ ಪಾಚಿ ತಂದು ಆಲೂಗಡ್ಡೆ ಹೊಲಕ್ಕೆ ಗೊಬ್ಬರ ಮಾಡಬೇಕು. ಆ ವರ್ಷ ಊಟ ಬರಬೇಕಾದದ್ದು ಆ ಹೊಲದಿಂದಲೇ.

ಡೀಲಿಯಾ ಎತ್ತರ. ಸಬೀನಾ ಗಿಡ್ಡ. ಹುಟ್ಟು ವಾಲಿ ಬುಟ್ಟಿ ಸಬೀನಾಳ ಕಡೆಗೇ ಜಾರುತ್ತಿತ್ತು, ತಣ್ಣನೆಯ ಉಪ್ಪುನೀರು ಅವಳ ಬೆನ್ನಿಗೇ ಸುರಿಯುತ್ತಿತ್ತು. ಮೊದಲ ದಿನ ಅವಳು ನಡು ಮರಳಲ್ಲಿ ನಿಂತು ಅತ್ತುಬಿಟ್ಟಳು. ಕಾಲ ಬೆರಳುಗಳ ಮೇಲೆ ನಿಂತು ಎತ್ತರವಾಗಲು ನೋಡಿದಳು. ಬಿದ್ದಳು.

ಡೀಲಿಯಾ ಹೊರೆ ಇಳಿಸಿದಳು. ತಂಗಿಯ ಹೆಗಲನ್ನೂ ತನ್ನ ಹೆಗಲನ್ನೂ ಕೈಯಿಂದ ಅಳೆದಳು.

"ನೀನು ನೆಟ್ಟಗೆ ನಡಿಯೇ ಸಬೀ. ಬಗ್ಗೋದು ನನ್ನ ಕೆಲಸ."

ಅಂದಿನಿಂದ ಅವಳು ಮೊಣಕಾಲು ಮಡಿಸಿ, ಬೆನ್ನು ಬಗ್ಗಿಸಿ, ಅಜ್ಜಿಯ ಹಾಗೆ ನಡೆದಳು. ಬುಟ್ಟಿ ಜಾರಲಿಲ್ಲ. ದಡದಲ್ಲಿದ್ದ ಹುಡುಗರು ನಕ್ಕರು. "ಏ ಮುದುಕಿ, ಕೋಲು ಬೇಕೇನೇ?" ಅವಳು ತಿರುಗಿ ನೋಡಲಿಲ್ಲ. ದಡ ಮುಟ್ಟಿ, ಹೊರೆ ಇಳಿಸಿ, ಆ ಮುದುಕಿಯ ನಡಿಗೆಯಲ್ಲೇ ಹುಡುಗರ ಹತ್ತಿರ ಹೋಗಿ ಅವರ ಅಜ್ಜಿಯ ದನಿಯಲ್ಲಿ ಎಂಥ ಬೈಗುಳ ಬೈದಳೆಂದರೆ ಒಬ್ಬ ಹುಡುಗ ಟೋಪಿ ತೆಗೆದು "ತಪ್ಪಾಯ್ತು ಅಜ್ಜಿ" ಅಂದುಬಿಟ್ಟ. ಆ ಹುಡುಗನೇ ಫೆಸ್ಟಿ.

ನಾಟಕ ಅವಳಿಗೆ ಹಿಡಿದದ್ದು ಅಲ್ಲಿ, ಆ ಮರಳಲ್ಲಿ. ಆಮೇಲಿನದೆಲ್ಲ ದೂರದಲ್ಲಿ ನಡೆದದ್ದು. ಡಬ್ಲಿನ್ನಿನ ಒಬ್ಬ ವೈದ್ಯರ ಮನೆಯಲ್ಲಿ ಕೆಲಸದವಳಾಗಿ ಹೋದಳು. ಸಂಜೆ ಹೊತ್ತು ಸಣ್ಣದೊಂದು ನಾಟಕಶಾಲೆಯಲ್ಲಿ ನೆಲ ಗುಡಿಸಿದಳು, ಆಮೇಲೆ ಅದೇ ನೆಲದ ಮೇಲೆ ಕೆಲಸದವಳ ಪಾತ್ರ ಮಾಡಿದಳು. ಅಲ್ಲಿಂದ ಲಂಡನ್, ಅಲ್ಲಿಂದ ಹಡಗು, ಅಮೆರಿಕ. ಅಲ್ಲಿನ ಸ್ಟುಡಿಯೋ ಯಜಮಾನ ಅವಳ ಹೆಸರು ಕೇಳಿ ಮುಖ ಹಿಂಡಿದನಂತೆ. "ಮುಲ್ಕೆರಿನ್ ಅಂದ್ರೆ ಕೆಮ್ಮಿನ ಔಷಧಿ ಹೆಸರಿದ್ದಂಗಿದೆ ಅಂದ ಕಣೇ ಆ ಪುಣ್ಯಾತ್ಮ," ಎಂದು ಡೀಲಿಯಾ ಎಷ್ಟೋ ವರ್ಷಗಳ ಮೇಲೆ ಒಲೆಯ ಮುಂದೆ ಕೂತು ಹೇಳಿ ನಗುತ್ತಿದ್ದಳು. ಡೆಲ್ಲಾ ಡೇನ್ ಎಂದು ಬರೆದುಕೊಂಡ. ಅವಳು ಒಪ್ಪಿದಳು, ಒಂದು ಮಾತು ಸೇರಿಸಿ. "ಪರದೆ ಮೇಲೆ ನಿಮ್ಮ ಹೆಸರು ಇರಲಿ. ಗೋರಿ ಮೇಲೆ ನನ್ನದು." ಅವರೆಲ್ಲ ನಕ್ಕರಂತೆ. ಇಪ್ಪತ್ತು ದಾಟಿದ ಹುಡುಗಿ ಗೋರಿಯ ಮಾತಾಡಿದರೆ ಯಾರು ತಾನೆ ನಗುವುದಿಲ್ಲ?

ನಾಯಕಿ ಅವಳು ಎಂದೂ ಆಗಲಿಲ್ಲ. ನಾಯಕನ ತಾಯಿ ಆದಳು, ವಿಧವೆ ಆದಳು, ಮಠದ ಸನ್ಯಾಸಿನಿ ಆದಳು. ಬಾಗಿಲಲ್ಲಿ ನಿಂತು ಕಡಲು ನೋಡುವ ಹೆಂಗಸು ಬೇಕಾದಾಗಲೆಲ್ಲ ಅವಳನ್ನು ಕರೆಯುತ್ತಿದ್ದರು. "ಅಲ್ಲಿ ಎಷ್ಟು ಜನ ಗಂಡಂದಿರನ್ನ ಹೂಳಿದೀನೋ ಸಬೀ," ಅನ್ನುತ್ತಿದ್ದಳು, "ಒಬ್ಬನೂ ನನ್ನೋನಲ್ಲ." ಹಗಲಲ್ಲಿ ಅವಳ ಬಾಯಿಂದ ಊರಿನ ಮಾತಿನ ದನಿ ತೆಗೆಯಲು ಒಬ್ಬ ಮೇಷ್ಟರನ್ನು ಇಟ್ಟಿದ್ದರು. ಮಲಗುವ ಮುಂಚೆ ಅವಳು ಮೊಣಕಾಲೂರಿ ಅವ್ವನ ಭಾಷೆಯಲ್ಲೇ ಜಪ ಮಾಡಿ ಆ ದನಿಯನ್ನು ಮತ್ತೆ ತುಂಬಿಕೊಳ್ಳುತ್ತಿದ್ದಳು.

ಕೊನೆಗೆ ಒಂದು ದಿನ ಎರಡು ಪೆಟ್ಟಿಗೆಗಳೊಂದಿಗೆ ಬಸ್ಸಿನಿಂದ ಇಳಿದಳು. "ನಿಮ್ಮನೇಲಿ ಕೋಳಿ ನೋಡ್ಕೊಳ್ಳೋಕೆ ಆಳು ಬೇಕೇನಮ್ಮಾ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು. ಸಬೀನಾ ಅವಳನ್ನು ಒಳಗೆ ಬಿಟ್ಟುಕೊಂಡಳು. ಸಾಯುವವರೆಗೂ ಕೋಳಿಗಳನ್ನು ಅವಳೇ ನೋಡಿಕೊಂಡಳು.

*

ಅಂಚೆಮನೆಯ ಹುಡುಗಿ ಸೈಕಲ್ಲಿನಲ್ಲಿ ಬಂದಳು. ಇಳಿಯುವ ಮುಂಚೆಯೇ ಅವಳ ಮುಖ ಸುದ್ದಿ ಹೇಳಿತ್ತು.

"ಮಾರ್ಕಸ್ ಫೋನ್ ಮಾಡಿದ್ದ. ಹಡಗು ಹೊರಟಿಲ್ವಂತೆ. ಆ ಕಡೆ ಬಿರುಗಾಳಿ. ನಾಳೆನೂ ಅನುಮಾನವಂತೆ. ಅಳ್ತಿದ್ದ ಪಾಪ."

ಬಾರ್ಟ್ಲಿ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಕೂತುಬಿಟ್ಟ. ಆ ಬಿರುಗಾಳಿ ನಾಳೆ ಇಲ್ಲಿಗೂ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಬಂದರೆ ಮರಳು ಎಷ್ಟು ದಿನ ತೆರೆಯುವುದಿಲ್ಲವೋ ದೇವರೇ ಬಲ್ಲ. ದ್ವೀಪದಲ್ಲಿ ಬೆಳಿಗ್ಗೆಯೇ ಕುಣಿ ತೆಗೆದಾಗಿತ್ತು. ತೆಗೆದ ಕುಣಿಯನ್ನು ರಾತ್ರಿ ಬಾಯಿ ತೆರೆದು ಬಿಡುವ ಹಾಗಿಲ್ಲ.

ಟ್ರೆಂಚ್ ಗಂಟಲು ಸರಿಮಾಡಿಕೊಂಡರು. ಈ ಸಲ ಅವರ ದನಿಯಲ್ಲಿ ಅವಸರವಿರಲಿಲ್ಲ, ಮರುಕವಿತ್ತು. ಅದೇ ಸಬೀನಾಳಿಗೆ ಹೆಚ್ಚು ಕಷ್ಟವಾಯಿತು.

"ನಿಮ್ಮ ಸಂಪ್ರದಾಯಕ್ಕೆ ನಾನು ಅಡ್ಡ ಬರಲ್ಲ. ಆದ್ರೆ ನಾಲ್ಕು ಜನ ಇಲ್ಲವಲ್ಲ. ನಮ್ಮ ಗಾಡಿ ಇದೆ. ಒಳ್ಳೆ ಜಾಗದಲ್ಲಿ, ಗೌರವದಿಂದ..."

"ಫೆಸ್ಟಿ," ಎಂದಳು ಸಬೀನಾ, "ನೀನೇನಂತೀ?"

ಫೆಸ್ಟಿ ಆ ಮೂವರಲ್ಲಿ ಹಿರಿಯ. ಊರಿನ ಸಾವುಗಳನ್ನೆಲ್ಲ ಹೊತ್ತವನು. ಆರಡಿ ಮೀರಿದ ದೇಹ, ಈಗ ಸ್ವಲ್ಪ ಒಣಗಿತ್ತು. "ಮೂರು ಹೆಗಲ ಮೇಲೆ ಪೆಟ್ಟಿಗೆ ನಿಲ್ಲಲ್ಲ ಸಬೀನಾ. ಬೇರೆಯೋನು ಎತ್ತಲ್ಲ. ನಾನೂ ಎತ್ತು ಅಂತ ಯಾರಿಗೂ ಹೇಳಲ್ಲ. ಮನೇಲಿ ಉಳಿದಿರೋಳು ನೀನೊಬ್ಳೇ. ಡೀಲಿಯಾ ಕರೆದ್ರೆ ನಿನ್ನೇ ಕರೀಬೇಕು."

"ಕರೀಲಿ ಬಿಡೋ."

"ಬಿಡೋ ಅನ್ನೋದು ನಿನಗೆ ಸುಲಭ. ನಮಗೆ ಹಂಗಲ್ಲ."

ಫಾದರ್ ಹೆನಿಗನ್ ಕಿಟಕಿಯ ಬಳಿ ನಿಂತು ಮರಳು ನೋಡುತ್ತಿದ್ದರು. "ದೇವರಿಗೆ ಎಲ್ಲ ಮಣ್ಣೂ ಒಂದೇ ಸಬೀನಾ," ಎಂದರು. "ಡಬ್ಲಿನ್ನಿನ ಮಣ್ಣಿನಿಂದಲೂ ಅವನು ಅವರನ್ನ ಎಬ್ಬಿಸ್ತಾನೆ."

"ಗೊತ್ತು ಫಾದರ್. ದೇವರಿಗೆ ಒಂದೇ. ಅವ್ವನಿಗೆ ಒಂದೇ ಅಲ್ಲ."

*

ಅವ್ವ ಸತ್ತಾಗ ಡೀಲಿಯಾ ಬರಲಿಲ್ಲ.

ಯುದ್ಧದ ಕಾಲ ಅದು. ಕಡಲ ಮೇಲೆ ಹಡಗುಗಳು ಮುಳುಗುತ್ತಿದ್ದವು, ಬರಲು ಸಾಧ್ಯವಿರಲಿಲ್ಲ. ಸಬೀನಾಳಿಗೆ ಅದು ಗೊತ್ತಿತ್ತು. ಆದರೆ ತಂತಿ ಕಳಿಸಿದ್ದಕ್ಕೆ ಉತ್ತರವೂ ಬರಲಿಲ್ಲ. ಯಾರೋ ತಂದ ಪತ್ರಿಕೆಯಲ್ಲಿ ತುಪ್ಪಳದ ಕೋಟು ತೊಟ್ಟ ಅಕ್ಕ ಯಾವನದೋ ತೋಳು ಹಿಡಿದು ನಗುತ್ತಿದ್ದಳು. ಸಬೀನಾ ಆ ಪುಟದಲ್ಲಿ ಮೀನು ಸುತ್ತಿ ಬೆಕ್ಕಿಗೆ ಕೊಟ್ಟಳು.

ಶಿಬೇಲ್ ಆ ಕರಾವಳಿಯ ಕೊನೆಯ ಅಳುವಾಕೆ. ಯಾರ ಮನೆಯಲ್ಲಿ ಸಾವಾದರೂ ಅವಳನ್ನು ಕರೆಯುತ್ತಿದ್ದರು. ಅವಳು ಪೆಟ್ಟಿಗೆಯ ತಲೆಯ ಬಳಿ ಕೂತು, ಮುಂದಕ್ಕೂ ಹಿಂದಕ್ಕೂ ತೂಗುತ್ತ, ಸತ್ತವರನ್ನು ಹೆಸರು ಹಿಡಿದು ಕರೆದು, ಅವರ ಅಪ್ಪ ಅಮ್ಮ, ಅವರ ದೋಣಿ, ಅವರ ಹಸು, ಅವರು ಕೊಟ್ಟ ಅನ್ನ ಎಲ್ಲವನ್ನೂ ರಾಗವಾಗಿ ಹೇಳಿ ಅಳುತ್ತಿದ್ದಳು. ಆಗಿನ ಪಾದ್ರಿಗೆ ಇದು ಸರಿಬರಲಿಲ್ಲ. ಪೂಜೆಯ ಪೀಠದಿಂದಲೇ ನಿಲ್ಲಿಸಿದರು. ಹಾಗಾಗಿ ಎಲ್ಲರಿಗಾಗಿ ಅತ್ತ ಶಿಬೇಲಳನ್ನು ಅಳುವವರೇ ಇಲ್ಲದೆ ಮರಳು ದಾಟಿಸಿದರು. ಸಬೀನಾಳಿಗೆ ಅವ್ವನ ರಾಗ ಬರುತ್ತಿರಲಿಲ್ಲ. ಅದನ್ನು ಕಲಿತಿದ್ದವಳು ಡೀಲಿಯಾ ಒಬ್ಬಳೇ.

ಯುದ್ಧ ಮುಗಿದ ಮೇಲೆ ಒಂದು ದಿನ ಊರಿನ ಸಭಾಮನೆಗೆ ಸಿನಿಮಾ ಬಂತು. ಗೋಡೆಗೆ ಹಾಸಿಗೆಯ ಬಿಳಿ ಬಟ್ಟೆ ಕಟ್ಟಿದರು. ಡೀಲಿಯಾ ಇದ್ದಾಳಂತೆ ಎಂದು ಊರೆಲ್ಲ ಸೇರಿತು. ಸಬೀನಾ ಹೋಗುವುದಿಲ್ಲ ಅಂದಳು. ವಿನ್ನಿ ಕೈಹಿಡಿದು ಎಳೆದುಕೊಂಡು ಹೋಗಿ ಹಿಂದಿನ ಬೆಂಚಿನ ಮೇಲೆ ಕೂರಿಸಿದಳು.

ಯಾವುದೋ ಬಂದೂಕಿನ ಕತೆ, ಯಾವುದೋ ಪ್ರೇಮದ ಕತೆ. ಕೊನೆಯ ಹೊತ್ತಿಗೆ ಒಬ್ಬ ಹುಡುಗ ಸತ್ತ. ಬಣ್ಣ ಬಳಿದ ಕಡಲಿನ ಮುಂದೆ, ಸುಳ್ಳು ಮರಳಿನ ಮೇಲೆ, ಡೀಲಿಯಾ ಅವನ ತಾಯಿಯಾಗಿ ಕೂತಿದ್ದಳು. ತೂಗತೊಡಗಿದಳು. ಬಾಯಿ ತೆರೆದಳು.

ಅವ್ವನ ರಾಗ. ಅವ್ವನ ಭಾಷೆ. ಪರದೆಯ ಮೇಲೆ ಸತ್ತ ಹುಡುಗನ ಹೆಸರು ಏನೋ ಇತ್ತು. ಡೀಲಿಯಾ ಆ ಹೆಸರನ್ನು ಹಿಡಿಯಲೇ ಇಲ್ಲ. "ಶಿಬೇಲ್," ಎಂದು ಕರೆದಳು. ಕಡಲಪಾಚಿಯನ್ನು ಕರೆದಳು, ಆಲೂಗಡ್ಡೆ ಹೊಲವನ್ನು, ದಡಕ್ಕೆ ಬಂದ ಒಂಟಿ ಹುಟ್ಟನ್ನು ಕರೆದಳು. ನಾನಿಲ್ಲದೆ ನಿನ್ನನ್ನು ಹೊತ್ತರು ಅವ್ವಾ ಎಂದಳು. ಅಮೆರಿಕದವರಿಗೆ ಒಂದು ಮಾತೂ ತಿಳಿದಿರಲಿಕ್ಕಿಲ್ಲ. ಚೆನ್ನಾಗಿ ಅಳುತ್ತಾಳೆ ಅಂದುಕೊಂಡು ಹಾಗೆಯೇ ಇಟ್ಟುಕೊಂಡರು.

ಸಭಾಮನೆಯಲ್ಲಿ ಮೊದಲು ಎದ್ದವನು ಫೆಸ್ಟಿ. ಟೋಪಿ ತೆಗೆದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು, ಬೆಂಚುಗಳು ಕಿರುಗುಟ್ಟಿದವು. ಶವದ ಮುಂದೆ ನಿಂತ ಹಾಗೆ ಆ ಬಿಳಿ ಬಟ್ಟೆಯ ಮುಂದೆ ನಿಂತರು. ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಕೂತೇ ಇದ್ದವಳು ಸಬೀನಾ ಒಬ್ಬಳು.

ಮಾರನೆಯ ದಿನ ಅವಳು ಅಕ್ಕನಿಗೆ ಕಾಗದ ಬರೆದಳು. ಮನೆಯಲ್ಲಿ ಎರಡು ಹಾಸಿಗೆ ಇದೆ ಎಂದಷ್ಟೇ ಬರೆದಳು.

*

"ನಾಲ್ಕನೆಯದು ನಾನು," ಎಂದಳು ಸಬೀನಾ.

ಇಕ್ಕುಳವನ್ನು ಒಲೆಯ ಪಕ್ಕ ಇಟ್ಟು ಮೇಲಂಗಿಯ ತೋಳು ಮಡಚುತ್ತಿದ್ದಳು.

"ಏನಂದೆ?" ಎಂದ ಫೆಸ್ಟಿ.

"ಕಿವಿ ಕೇಳಿಸಲ್ವೇನೋ? ನಾನು ಮುಲ್ಕೆರಿನ್. ಹುಟ್ಟಿದಾಗಿಂದ ಅದೇ ಹೆಸರು, ಯಾವ ಗಂಡಸಿಗೂ ಬದಲಾಯಿಸಿಕೊಟ್ಟಿಲ್ಲ."

"ಯಾರೂ ಕೇಳಲಿಲ್ಲ ಅಂತಲ್ಲ ಮತ್ತೆ," ಎಂದಳು ವಿನ್ನಿ, ಫೆಸ್ಟಿಯನ್ನೇ ನೋಡುತ್ತ. "ದೂರದ ದಾಯಾದಿ, ಮದುವೆಗೇನೂ ಅಡ್ಡಿ ಇರಲಿಲ್ಲ. ಹೆಸರೂ ಬದಲಾಗ್ತಿರಲಿಲ್ಲ."

ಫೆಸ್ಟಿಯ ಕಿವಿಗಳು ಕೆಂಪಾದವು. "ಈಗ ಅದರ ಮಾತ್ಯಾಕೆ? ಪೆಟ್ಟಿಗೆ ಕೆಳಗೆ ಹೆಂಗಸು ನಿಂತಿದ್ದನ್ನ ನಾನು ಕಂಡಿಲ್ಲ. ಯಾರೂ ಕಂಡಿಲ್ಲ."

"ನಾನು ಕಡಲಪಾಚಿ ಹೊತ್ತಿದ್ದನ್ನ ಕಂಡಿದೀಯಲ್ಲ. ನಗೋಕೆ ಮಾತ್ರ ಬಂದಿದ್ದೆ, ಹೊರೋಕೆ ಬಂದಿರಲಿಲ್ಲ. ಫಾದರ್, ಹೇಳಿ. ಹೆಗಲು ಹೆಸರಿನೋರದ್ದಾಗಿರಬೇಕು ಅಂತ ಕಟ್ಟಳೆ. ಗಂಡಸರದ್ದೇ ಆಗಿರಬೇಕು ಅಂತ ಎಲ್ಲಾದ್ರೂ ಇದೆಯಾ?"

ಫಾದರ್ ಹೆನಿಗನ್ ಕಿಟಕಿಯಿಂದ ಇತ್ತ ತಿರುಗಿದರು. "ಪ್ರಭುವಿನ ಶಿಲುಬೆಯ ಕೆಳಗೆ ಕೊನೆವರೆಗೂ ನಿಂತೋರು ಹೆಚ್ಚಾಗಿ ಹೆಂಗಸರೇ," ಎಂದರು. "ನನಗೆ ಅಷ್ಟು ಗೊತ್ತು."

"ಎತ್ತರ?" ಎಂದ ಕೋಲ್ಮನ್. "ನಾವು ಮೂರು ಜನ ಹಡಗಿನ ಕಂಬ ಇದ್ದಂಗಿದೀವಿ. ನೀನು ಹಾಲಿನ ಡಬ್ಬ. ಪೆಟ್ಟಿಗೆ ನಿನ್ನ ಕಡೆಗೇ ಜಾರುತ್ತೆ."

"ನೀವು ಬಗ್ಗಿ."

ಮೂವರೂ ಅವಳನ್ನು ನೋಡಿದರು.

"ಎತ್ತರದೋರು ಬಗ್ಗಬೇಕು. ಗಿಡ್ಡೋರು ನೆಟ್ಟಗೆ ನಡೀಬೇಕು. ನಮ್ಮಕ್ಕ ನನಗೆ ಹೇಳಿಕೊಟ್ಟಿದ್ದು ಹಂಗೆ. ಕುರಿ ಕಾಲಿಗೆ ನೀರು ಬರ್ತಾ ಇದೆ, ಮಾತು ಸಾಕು."

ಫೆಸ್ಟಿ ಕಿಟಕಿಯಿಂದ ನೋಡಿದ. ಟೋಪಿಯನ್ನು ಜೇಬಿಗೆ ತುರುಕಿದ. "ಬಾರ್ಟ್ಲಿ, ಏಳೋ. ನೀನು ಮತ್ತೆ ಕೋಲ್ಮನ್ ಹಿಂದೆ. ನಾನು ಇವಳ ಸಮಕ್ಕೆ ಮುಂದೆ."

ನಾಲ್ಕು ಹೆಗಲು ಕೂಡಿಕೊಂಡವು. ಪೆಟ್ಟಿಗೆ ಎದ್ದಿತು. ಎದ್ದ ಗಳಿಗೆಯಲ್ಲೇ ವಿನ್ನಿ ಮುಂದೆ ಬಂದು ಅದು ಕೂತಿದ್ದ ನಾಲ್ಕು ಕುರ್ಚಿಗಳನ್ನೂ ಒಂದೊಂದಾಗಿ ಉರುಳಿಸಿದಳು, ಹೋದವಳು ಮತ್ತೆ ಕೂರಲು ಹಿಂದಿರುಗದಿರಲಿ ಎಂದು. ಕೊನೆಯ ಕುರ್ಚಿ ಬಿದ್ದ ಸದ್ದಿಗೆ ಹಿತ್ತಲಲ್ಲಿ ಡೀಲಿಯಾಳ ಕೋಳಿಗಳು ಕೂಗಿಕೊಂಡವು.

ಹೊಸಿಲು ದಾಟಿದರು. ಕಪ್ಪು ಗಾಡಿಯ ಪಕ್ಕದಲ್ಲೇ ಹಾದುಹೋದರು. ಅದರ ಗಾಜಿನ ಹಿಂದೆ ದೊಡ್ಡದೊಂದು ಹೂಚಕ್ರ, ಅದಕ್ಕೆ ಬಂಗಾರದ ಅಕ್ಷರದಲ್ಲಿ ಡೆಲ್ಲಾ ಡೇನ್ ಎಂಬ ಪಟ್ಟಿ. ಗಾಡಿಯವರು ರೊಟ್ಟಿ ಕೈಯಲ್ಲಿ ಹಿಡಿದೇ ಎದ್ದು ನಿಂತರು.

ಮರಳಿನ ಅಂಚಿಗೆ ಬಂದಾಗ ಫೆಸ್ಟಿ ಮೆಲ್ಲಗೆ ಹೇಳಿದ, "ಮೊದಲು ಎತ್ತಿದ್ದಾಯ್ತು. ಇನ್ನು ಯಾರು ಬೇಕಾದ್ರೂ ಹೆಗಲು ಕೊಡಬಹುದು. ನೀನು ಬಿಡು. ಸ್ಮಶಾನದ ಬಾಗಿಲಲ್ಲಿ ಮತ್ತೆ ಹಿಡ್ಕೊಂಡ್ರಾಯ್ತು."

"ನೀನು ಬೇಕಾದ್ರೆ ಬಿಡು."

ಅವನು ಬಿಡಲಿಲ್ಲ.

ಒದ್ದೆ ಮರಳು ಕಾಲನ್ನು ಹಿಡಿದು ಬಿಡುತ್ತಿತ್ತು. ಸಬೀನಾಳ ಬಲ ಹೆಗಲಿನ ಮೂಳೆಯ ಮೇಲೆ ಪೆಟ್ಟಿಗೆಯ ಅಂಚು ಕೂತಿತ್ತು, ಹುಟ್ಟು ಕೂರುತ್ತಿದ್ದ ಅದೇ ಜಾಗದಲ್ಲಿ. ಪಕ್ಕದಲ್ಲಿ ಫೆಸ್ಟಿಯ ಉಸಿರು ಕೇಳುತ್ತಿತ್ತು. ಆ ದೊಡ್ಡ ದೇಹ ಮೊಣಕಾಲು ಮಡಿಸಿಕೊಂಡು, ಬೆನ್ನು ಬಾಗಿಸಿಕೊಂಡು, ಅಜ್ಜಿಯ ಹಾಗೆ ನಡೆಯುತ್ತಿತ್ತು. ಹಿಂದಿನವರೂ ಹಾಗೆಯೇ. ದೂರದಿಂದ ನೋಡಿದವರಿಗೆ ಮೂವರು ಗಂಡಸರು ಯಾರಿಗೋ ತಲೆಬಾಗಿಸಿಕೊಂಡೇ ನಡೆಯುತ್ತಿರುವಂತೆ ಕಂಡಿರಬೇಕು. ಪೆಟ್ಟಿಗೆ ತಟ್ಟೆಯ ಮೇಲಿನ ನೀರಿನಂತೆ ಸಮವಾಗಿ ಹೋಗುತ್ತಿತ್ತು. ಹಿಂದೆ ಊರು ಜಪ ಹೇಳುತ್ತ ಬರುತ್ತಿತ್ತು.

ಕರಿಕುರಿಯ ಬಳಿ ನಡುಗಾಲುವೆ. ಅಲ್ಲಿ ನೀರು ಆಗಲೇ ಬಂದಿತ್ತು. ಮೊಣಕಾಲಿನವರೆಗೆ, ಐಸಿನಂತೆ. ಕಾಲುವೆಯ ನಡುವೆ ಬಾರ್ಟ್ಲಿಯ ಕಾಲು ಮಡಚಿತು. ಪೆಟ್ಟಿಗೆ ಹಿಂದಕ್ಕೆ ವಾಲಿತು. ಹೆಂಗಸರು ಕೂಗಿದರು.

"ಹಿಡೀರೋ!" ಎಂದ ಫೆಸ್ಟಿ.

ಯಾರೋ ನೀರನ್ನು ಚಿಮ್ಮಿಸಿಕೊಂಡು ಓಡಿ ಬಂದರು. ಉದ್ದನೆಯ ಕಪ್ಪು ಕೋಟು, ಹೊಳೆಯುವ ಶೂ. ಟ್ರೆಂಚ್ ಬಾರ್ಟ್ಲಿಯ ಜಾಗದಲ್ಲಿ ಹೆಗಲು ಕೊಟ್ಟು ಪೆಟ್ಟಿಗೆಯನ್ನು ಎತ್ತಿ ಹಿಡಿದರು. ಎತ್ತಿದ ರಭಸಕ್ಕೆ ಅದು ಈಗ ಸಬೀನಾಳ ಕಡೆಗೆ ಜಾರಿತು.

"ಬಗ್ಗಿ ಸ್ವಾಮಿ, ಬಗ್ಗಿ!" ಎಂದಳು ಸಬೀನಾ ತಿರುಗದೆ. "ಇಲ್ಲಿ ಎತ್ತರದೋರು ಬಗ್ಗಬೇಕು!"

ಟ್ರೆಂಚ್ ಬಗ್ಗಿದರು. ಕೋಟಿನ ತುದಿ ನೀರಲ್ಲಿ ತೇಲಿತು.

ಆದರೆ ಹೆಜ್ಜೆ ತಪ್ಪಿಹೋಗಿತ್ತು. ನಾಲ್ವರದು ನಾಲ್ಕು ನಡಿಗೆ. ನೀರಿನ ಸೆಳೆತಕ್ಕೆ ಪೆಟ್ಟಿಗೆ ಅತ್ತ ಇತ್ತ ಹೊಯ್ದಾಡಿತು. ಸಬೀನಾಳ ಕಣ್ಣು ಕತ್ತಲಿಟ್ಟಿತು. ಬಿಟ್ಟುಬಿಡುತ್ತೇನೆ ಎಂದು ಒಂದು ಸಲ ಅನ್ನಿಸಿತು. ಆಗ ಅವಳ ಬಾಯಿಂದ, ಅವಳು ಕರೆಯದೆಯೇ, ಮಾತು ಬಂತು. ಅವಳಿಗೆ ರಾಗ ಬರುತ್ತಿರಲಿಲ್ಲ. ದನಿಯೂ ಚೆನ್ನಾಗಿರಲಿಲ್ಲ. ಅದನ್ನು ಕೊನೆಯ ಸಲ ಕೇಳಿದ್ದು ಸಭಾಮನೆಯ ಬಿಳಿ ಬಟ್ಟೆಯ ಮುಂದೆ.

"ಡೀಲಿಯಾ," ಎಂದಳು, ಬಲಗಾಲಿಟ್ಟು.

"ಶಿಬೇಲಳ ಮಗಳೇ," ಎಂದಳು, ಎಡಗಾಲಿಟ್ಟು.

"ಪಾಚಿ ಹೊತ್ತವಳೇ. ಬೆನ್ನು ಬಗ್ಗಿಸಿದವಳೇ. ದೂರದ ಊರಲ್ಲಿ ಅವ್ವನ್ನ ಅತ್ತವಳೇ. ಕೋಳಿ ಕಾದವಳೇ, ನನ್ನ ಅಕ್ಕಾ..."

ಹೆಜ್ಜೆಗೊಂದು ಮಾತು. ಫೆಸ್ಟಿಯ ಕಾಲು ಆ ಮಾತಿಗೆ ಬಂತು, ಆಮೇಲೆ ಕೋಲ್ಮನ್‌ನದು, ಆಮೇಲೆ ಟ್ರೆಂಚರದು. ಪೆಟ್ಟಿಗೆ ನೆಟ್ಟಗಾಯಿತು. ಹಿಂದೆ ಜಪ ನಿಂತಿತ್ತು. ಯಾರೋ ಹಿಂದೆಯೇ ದನಿಗೂಡಿಸಿದರು, ಆಮೇಲೆ ಇನ್ನೊಬ್ಬರು. ಪೂಜೆಯ ಪೀಠದಿಂದ ಯಾವ ಕಾಲದಲ್ಲೋ ನಿಲ್ಲಿಸಿದ್ದು ಈ ಹೆಂಗಸರ ಗಂಟಲಲ್ಲಿ ಹಾಗೆಯೇ ಇತ್ತು. ಫಾದರ್ ಹೆನಿಗನ್ ನಿಲುವಂಗಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು ನೀರಲ್ಲಿ ನಡೆಯುತ್ತಿದ್ದರು. ಅವರು ತಡೆಯಲಿಲ್ಲ.

ಸ್ಮಶಾನದ ಬಾಗಿಲಲ್ಲಿ ಬಾರ್ಟ್ಲಿ ಕುಂಟುತ್ತ ಬಂದು ತನ್ನ ಜಾಗ ತೆಗೆದುಕೊಂಡ. ಟ್ರೆಂಚ್ ಸರಿದರು. ನಾಲ್ವರು ಮುಲ್ಕೆರಿನ್‌ಗಳು ಡೀಲಿಯಾ ಮುಲ್ಕೆರಿನ್‌ಳನ್ನು ಒಳಗೆ ಕೊಂಡೊಯ್ದರು.

*

ಮಣ್ಣು ಮುಚ್ಚಿ ಮುಗಿಯುವ ಹೊತ್ತಿಗೆ ಕರಿಕುರಿ ಕಾಣುತ್ತಿರಲಿಲ್ಲ. ಕಡಲು ಮತ್ತೆ ಇಳಿಯುವವರೆಗೆ ಯಾರೂ ಹಿಂದಿರುಗುವ ಹಾಗಿರಲಿಲ್ಲ. ಊರಿಗೆ ಅದೇನೂ ಹೊಸದಲ್ಲ. ಸ್ಮಶಾನದ ಗೋಡೆಯ ಮರೆಯಲ್ಲಿ ಬೆಂಕಿ ಹೊತ್ತಿಸಿದರು. ವಿನ್ನಿಯ ಬುಟ್ಟಿಯಿಂದ ಕೆಟಲು, ರೊಟ್ಟಿ, ಬೆಣ್ಣೆ, ಕೊನೆಗೆ ಒಂದು ವಿಸ್ಕಿ ಬಾಟಲಿಯೂ ಹೊರಬಂದವು. ಗೋಡೆಯ ಮೇಲೆ ಒದ್ದೆ ಶೂಗಳು ಸಾಲಾಗಿ ಕೂತವು. ಪಾದ್ರಿಯ ಶೂಗಳ ಪಕ್ಕದಲ್ಲೇ ಟ್ರೆಂಚರ ಹೊಳಪು ಹೋದ ಶೂಗಳು.

"ಹೂಚಕ್ರ ಗಾಡಿಯಲ್ಲೇ ಉಳೀತು," ಎಂದರು ಟ್ರೆಂಚ್, ಬರಿಗಾಲಲ್ಲಿ ನಿಂತು ಆಚೆ ದಡ ನೋಡುತ್ತ.

"ಇರಲಿ ಬಿಡಿ," ಎಂದಳು ಸಬೀನಾ. "ಅದರ ಮೇಲಿರೋ ಹೆಸರಿನೋಳು ಇಲ್ಲಿಗೆ ಬಂದಿಲ್ಲ. ನಗರಕ್ಕೇ ತಗೊಂಡು ಹೋಗಿ, ಬ್ಯಾಂಡಿನೋರಿಗೆ ಕೊಡಿ."

"ಕುಡೀರಿ ಸ್ವಾಮಿ," ಎಂದು ವಿನ್ನಿ ಅವರ ಕೈಗೆ ಬಟ್ಟಲು ಕೊಟ್ಟಳು. "ಹೆಗಲು ಕೊಟ್ಟೋರಿಗೆ ಚಹಾ ಅಲ್ಲ, ಇದು."

ಸಬೀನಾ ಹೊಸ ಮಣ್ಣಿನ ಪಕ್ಕದ ಕಲ್ಲಿನ ಮೇಲೆ ಹೋಗಿ ಕೂತಳು. ಚಹಾ ತಂದುಕೊಟ್ಟರು. ಕುಡಿದಳು. ಅವಳ ಬಲ ಹೆಗಲು ಎಡದ್ದಕ್ಕಿಂತ ಮೇಲೆ ಎದ್ದುಕೊಂಡೇ ಇತ್ತು, ಬಿಗಿಯಾಗಿ, ಭಾರ ಇನ್ನೂ ಅಲ್ಲೇ ಇರುವಂತೆ. ಅವಳಿಗೆ ಅದು ತಿಳಿದಿರಲಿಲ್ಲ. ಕಂಡವರು ಇಳಿಸು ಎಂದು ಹೇಳಲಿಲ್ಲ.

ಫೆಸ್ಟಿ ಬಂದು ಅವಳ ಪಕ್ಕ ಕೂತ. ಇಬ್ಬರೂ ನೀರು ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಆ ಎತ್ತರದ ಮನುಷ್ಯ, ತನ್ನ ಹೆಗಲು ಅವಳ ಹೆಗಲಿನ ಸಮಕ್ಕೆ ಬರುವವರೆಗೆ, ಮೆಲ್ಲಗೆ ಬೆನ್ನು ಬಗ್ಗಿಸಿ ಕೂತ.